ಕಾಸು ಮುಟ್ಟದ ಖಜಾಂಚಿ

ನನ್ನ ಕೆಲಸವೆಲ್ಲ ದುಡ್ಡಿನದೇ. ಆದರೆ ದಿನವಿಡೀ ಒಂದು ನೋಟನ್ನೂ ಮುಟ್ಟುವುದಿಲ್ಲ. ವಾರದಲ್ಲಿ ನಾಲ್ಕು ದಿನ ಮನೆಯ ಕೋಣೆಯಲ್ಲೇ ಕೂತು, ಆಫೀಸಿನ ಕಂಪ್ಯೂಟರ್‌ಗಳಿಗೆ ಗುಟ್ಟಾಗಿ ದಾರಿ ಕೊಡುವ ವಿಪಿಎನ್ ಹಾಕಿಕೊಂಡು, ಯಾರೋ ಯಾರಿಗೋ ಕಳಿಸುವ ಹಣಕ್ಕೆ ದಾರಿ ಮಾಡಿಕೊಡುತ್ತೇನೆ. ಹುದ್ದೆಯ ಹೆಸರು ಫುಲ್ ಸ್ಟಾಕ್ ಡೆವಲಪರ್, ಸಾಫ್ಟ್‌ವೇರಿನಲ್ಲಿ ಮುಂದೆ ಕಾಣುವುದನ್ನೂ ಹಿಂದೆ ನಡೆಯುವುದನ್ನೂ ಬರೆಯುವವನು. ಅಂದರೆ ಜಗಲಿಗೆ ಬಣ್ಣ ಹೊಡೆಯುವವನೂ ನಾನೇ, ಹಿತ್ತಲಲ್ಲಿ ಪೈಪು ಕಟ್ಟಿಕೊಂಡರೆ ಕೈ ಹಾಕುವವನೂ ನಾನೇ.

ಅಷ್ಟೊಂದು ಹಣ ಅಂದರೆ ಭಯ ಆಗಲ್ವಾ ಅಂತ ಕೇಳುತ್ತಾರೆ. ಕೋಟಿಗೆ ನಾನು ಹೆದರಿದ್ದಿಲ್ಲ. ನಿದ್ದೆ ಕೆಡಿಸುವುದು ಬಿಡಿಕಾಸು. 0.1ಕ್ಕೆ 0.2 ಕೂಡಿಸು ಅಂತ ನಾವು ಪ್ರೋಗ್ರಾಂ ಬರೆಯುವ ಭಾಷೆ ಜಾವಾಸ್ಕ್ರಿಪ್ಟಿಗೆ ಹೇಳಿ ನೋಡಿ. 0.30000000000000004 ಅನ್ನುತ್ತದೆ! ನಾವು ಒಂದನ್ನು ಮೂರರಿಂದ ಭಾಗಿಸಿದರೆ 0.333 ಅಂತ ಮುಗಿಯದೆ ಹೋಗುತ್ತದಲ್ಲ, ಸೊನ್ನೆ-ಒಂದರಲ್ಲೇ ಎಣಿಸುವ ಯಂತ್ರಕ್ಕೆ ಹತ್ತನೇ ಒಂದು ಭಾಗವೂ ಹಾಗೇ. ಅದಕ್ಕೇ ಹಣವನ್ನು ಅದರ ಅತಿ ಚಿಕ್ಕ ಕಾಸಿನ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡುತ್ತೇವೆ. ತೋರಿಸುವಾಗ ನೂರರಿಂದ ಭಾಗಿಸಿದರಾಯಿತು ಅಂದುಕೊಂಡಿದ್ದೆ. ಆದರೆ ಜಪಾನಿನ ಯೆನ್‌ಗೆ ಈಗ ಬಿಡಿಕಾಸೇ ಇಲ್ಲ, ಕುವೈತಿನ ಒಂದು ದಿನಾರಿಗೆ ಸಾವಿರ ಫಿಲ್ಸ್!

ಇನ್ನು ನೂರನ್ನು ಮೂರು ಕಂತು ಮಾಡಿ. ಕಂತಿಗೆ 33.33. ಮೂರನ್ನೂ ಕೂಡಿಸಿದರೆ 99.99. ಉಳಿದ ಕಾಸು ಯಾವ ಕಂತಿಗೆ? ಇದಕ್ಕೆ ನಾವು ಐದು ಜನ ಐದು ಕಿಟಕಿಗಳಲ್ಲಿ ಮುಖ ತೋರಿಸಿಕೊಂಡು ಒಂದು ಗಂಟೆ ಚರ್ಚೆ ಮಾಡಿದ್ದೇವೆ. ಒಬ್ಬರು ಮ್ಯೂಟ್ ತೆಗೆಯದೆಯೇ ಹತ್ತು ನಿಮಿಷ ಆವೇಶದಿಂದ ಮಾತಾಡಿದರು. ಬಹುಶಃ ಅವರು ಹೇಳಿದ್ದೇ ಸರಿಯಿತ್ತು. ಕೊನೆಗೆ ಕಾಸು ಕೊನೆಯ ಕಂತಿಗೆ ಹೋಯಿತು.

ಮನೆಯವರಿಗೆ ನಾನು ಸುಮ್ನೆ ಗೋಡೆ ನೋಡುತ್ತಾ ಕೂತ ಹಾಗೆ ಕಾಣುತ್ತದೆ. ಆಫೀಸಿಗೂ ನನ್ನ ಮೇಲೆ ಜಾಸ್ತಿ ನಂಬಿಕೆ ಇಲ್ಲ. ನಾನು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಅಸಲಿ ಗ್ರಾಹಕರ ಡೇಟಾ ನನ್ನ ಕಣ್ಣಿಗೆ ಬೀಳುವ ಹಾಗಿಲ್ಲ. ಹತ್ತು ನಿಮಿಷ ಎದ್ದು ಹೋದರೆ ನನ್ನ ಲ್ಯಾಪ್‌ಟಾಪೇ ಬಾಗಿಲು ಹಾಕಿಕೊಂಡು, ಯಾರು ನೀನು ಅನ್ನುತ್ತದೆ. ನನ್ನನ್ನು ಕೇಳಿದರೆ ಇದೇ ಸರಿ. ನನ್ನ ಶುಕ್ರವಾರ ಸಂಜೆಯ ಬುದ್ಧಿ ನನಗೆ ಗೊತ್ತು.

ಹಣ ಕಟ್ಟುವ ಬಟನ್ನನ್ನು ಜನ ಎರಡು ಸಲ ಒತ್ತುತ್ತಾರೆ. ಒಂದು ಸಲ ಒತ್ತಿದ ಕೂಡಲೇ ಅದನ್ನು ಮಂಕು ಮಾಡಿಬಿಡುತ್ತೇನೆ. ಅದೂ ಸಾಲದು, ನೆಟ್ ಕೈಕೊಟ್ಟು ಅದೇ ಕೋರಿಕೆ ಮತ್ತೆ ಬರಬಹುದು. ಹಾಗಾಗಿ ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ, ನಿಮ್ಮದು ಆಗಲೇ ಆಗಿದೆ ಅಂತ ಸರ್ವರ್ ವಾಪಸ್ ಕಳಿಸುತ್ತದೆ. ಇದನ್ನು ಹೊಸಬರಿಗೆಲ್ಲ ಹೇಳಿಕೊಡುವವನು ನಾನೇ.

ಮೊನ್ನೆ ರಾತ್ರಿ ಬೇರೆ ಯಾವುದೋ ಆ್ಯಪಿನಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದೆ. ಚಕ್ರ ತಿರುಗುತ್ತಲೇ ಇತ್ತು. ಬಟನ್ ಮಂಕಾಗಿರಲಿಲ್ಲ. ಏನಾಗಬಹುದು ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ನಿಮಿಷ ಕಾದೆ. ಆಮೇಲೆ ಇನ್ನೊಂದು ಸಲ ಒತ್ತಿದೆ.