ಮುಳುಗಿದ್ದೂ ಪಾಯಿಂಟು, ತೇಲಿಹೋಗಿದ್ದೂ ಪಾಯಿಂಟು

ನಮ್ಮ ಕೊಪ್ಪಳದವರಿಗೆ ಸಮುದ್ರದ ಹುಚ್ಚು ಸ್ವಲ್ಪ ಜಾಸ್ತಿ. ಅಮರಾವತಿ ಎಕ್ಸ್‌ಪ್ರೆಸ್ಸನ್ನು ಈ ದಿಕ್ಕಿಗೆ ಹತ್ತಿದರೆ ಗೋವಾ, ಆ ದಿಕ್ಕಿಗೆ ಹತ್ತಿದರೆ ವಿಶಾಖಪಟ್ಟಣ. ಗೋವಾ ಎಂದರೆ ಮನೆಯವರು ಒಂಥರಾ ನೋಡುತ್ತಾರೆ. ಹಾಗಾಗಿ ಸಂಸಾರಸ್ಥರ ಪಾಲಿಗೆ ಉಳಿದದ್ದು ವೈಜಾಗ್.

ಇಳಿದ ಕೂಡಲೇ ಗಾಡಿಯವನು ಒಂದು ಪಟ್ಟಿ ಕೈಗಿಟ್ಟ. ಒಂದೇ ದಿನಕ್ಕೆ ಹನ್ನೊಂದು ಪಾಯಿಂಟು. ವ್ಯೂ ಪಾಯಿಂಟು, ಸೆಲ್ಫಿ ಪಾಯಿಂಟು, ಸನ್‌ರೈಸ್ ಪಾಯಿಂಟು. ನಾವು ಹೊರಟಿದ್ದೇ ಹತ್ತು ಗಂಟೆಗೆ. ಆದರೂ ಮಾತಿಗೆ ತಪ್ಪದೆ ಸನ್‌ರೈಸ್ ಪಾಯಿಂಟಿಗೆ ಕರೆದುಕೊಂಡು ಹೋಗಿ, "ಇಲ್ಲೇ ಸಾರ್ ಹುಟ್ಟೋದು" ಎಂದು ಬೆರಳು ಮಾಡಿ ತೋರಿಸಿದ. ಹುಟ್ಟಿದ್ದಾತ ನಮ್ಮ ನೆತ್ತಿ ಸುಡುತ್ತಿದ್ದ. ಸುಡಿಸಿಕೊಳ್ಳೋಕೆ ಅಷ್ಟು ದೂರ ಹೋಗಬೇಕಿತ್ತಾ? ಅದು ನಮ್ಮೂರಲ್ಲೇ ಪುಕ್ಕಟೆ ಸಿಗುತ್ತದೆ.

ಆಮೇಲೆ ಆರ್‌ಕೆ ಬೀಚ್. ಅಲ್ಲಿ ಮರಳಿನ ಮೇಲೆ ಒಂದು ಜಲಾಂತರ್ಗಾಮಿ ಮಲಗಿದೆ. ಐಎನ್‌ಎಸ್ ಕುರ್ಸುರಾ. 91 ಮೀಟರ್ ಉದ್ದ. 1969ರಲ್ಲಿ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಮಾರನೇ ವರ್ಷ ಮ್ಯೂಸಿಯಂ ಆಯಿತು. ನೀರಲ್ಲಿ ಮುಳುಗೋದೇ ಕೆಲಸವಾಗಿದ್ದ ಹಡಗನ್ನು ದಡಕ್ಕೆಳೆದು ತೋರಿಸುತ್ತಾರೆ. ರಸ್ತೆ ದಾಟಿದರೆ ಟಿಯು-142 ವಿಮಾನ. ಅದನ್ನೂ ಆಕಾಶದಿಂದ ಇಳಿಸಿ ನಿಲ್ಲಿಸಿದ್ದಾರೆ. ಇವೆರಡನ್ನು ನಾನು ಆಡಿಕೊಳ್ಳಲಾರೆ. ದಶಕಗಟ್ಟಲೆ ದುಡಿದು ದಣಿದು ಕೂತವು. ಕುರ್ಸುರಾದ ಒಳಗೆ ಬಗ್ಗಿ ನಡೆಯುವಾಗ, ಇಷ್ಟು ಇಕ್ಕಟ್ಟಿನಲ್ಲಿ ಜನ ವಾರಗಟ್ಟಲೆ ಹೇಗೆ ಇದ್ದರೋ ಎಂದು ಎದೆ ಹಿಂಡಿತು. ಹಿಂದಿನವರು "ಬೇಗ ನಡೀರಿ" ಎಂದು ತಳ್ಳುತ್ತಿದ್ದರು.

ನಾನು ಆಸೆಯಿಂದ ಹುಡುಕಿದ್ದು ತೇಲುವ ಸೇತುವೆ. ಅದೇ ಬೀಚಿನಲ್ಲಿ 2024ರ ಫೆಬ್ರುವರಿಯಲ್ಲಿ ಸುಮಾರು 1.6 ಕೋಟಿಯ ಸೇತುವೆ ಉದ್ಘಾಟನೆಯಾಗಿತ್ತು. ಟೇಪು ಕತ್ತರಿಸಿದ ಮಾರನೇ ದಿನವೇ ಅದರ ತುದಿಯ ಭಾಗ ಬೇರೆಯಾಗಿ ಸಮುದ್ರದಲ್ಲಿ ನಿಂತಿತು. ಕಿತ್ತುಹೋಯಿತು ಅಂತೀರಾ? ತಪ್ಪು. ಅಲೆ ಜೋರಿತ್ತು, ಗಟ್ಟಿ ಇದೆಯೋ ಇಲ್ಲವೋ ನೋಡಲು ನಾವೇ ಬಿಡಿಸಿದ್ದು ಎಂದು ವಿವರಣೆ ಬಂತು. ಬಂದವರು ನಡೆದು ನೋಡುವ ಸೇತುವೆ ಅಂದುಕೊಂಡರೆ, ಅಧಿಕಾರಿಗಳು ದಡದಲ್ಲಿ ನಿಂತು ನೋಡುವ ಸೇತುವೆ ಕಟ್ಟಿದ್ದರು. ಕುರ್ಸುರಾಗೆ ನಿವೃತ್ತಿ ಸಿಗಲು 31 ವರ್ಷ ಹಿಡಿಯಿತು. ಸೇತುವೆ ಒಂದೇ ದಿನದಲ್ಲಿ ಗಿಟ್ಟಿಸಿಕೊಂಡಿತು.

ನಮ್ಮವರಿಗೆ ಇಂಥ ಬುದ್ಧಿ ಓಡೋದಿಲ್ಲ. ಅದೇ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಗೇಟು ಚೈನ್ ಕಟ್ಟಾಗಿ ಕೊಚ್ಚಿಹೋಯಿತು. "33 ಗೇಟಿನಲ್ಲಿ ಒಂದನ್ನು ನಾವೇ ಬಿಡಿಸಿ ನೋಡಿದೆವು" ಅಂದಿದ್ದರೆ ಮುಗಿಯುತ್ತಿತ್ತಲ್ವಾ? ಸುಮ್ನೆ ಹೋಗಿ ಚೈನ್ ಕಟ್ಟಾಗಿದೆ ಎಂದು ನಿಜ ಹೇಳಿಬಿಟ್ಟರು. ಹೇಳಿದ ಮೇಲೆ ಸರಿ ಮಾಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಪಾಪ, ಪ್ರವಾಸೋದ್ಯಮ ಗೊತ್ತಿಲ್ಲದ ಜನ.

ಗೊತ್ತಿದ್ದರೆ ನಮ್ಮ ಓಣಿಯ ಶುದ್ಧ ನೀರಿನ ಘಟಕಕ್ಕೂ ಟಿಕೆಟ್ ಇಡಬಹುದು. ಕಾಯಿನ್ ಹಾಕುವ ಕಿಂಡಿಗೆ ಜೇಡ ಬಲೆ ಕಟ್ಟಿದೆ. ನಲ್ಲಿಗೆ ಯಾರೋ ಎಮ್ಮೆ ಕಟ್ಟುತ್ತಾರೆ. ಮುಂದೆ ಒಂದು ಹೃದಯದ ಚಿತ್ರ, ಒಂದು ನೀಲಿ ಲೈಟು, ಪಕ್ಕದಲ್ಲಿ ಒಗ್ಗರಣೆ ಮಿರ್ಚಿ ಗಾಡಿ. ಸೆಲ್ಫಿ ಪಾಯಿಂಟಿಗೆ ಇನ್ನೇನು ಬೇಕು? ಎಮ್ಮೆಗೆ ಬೇರೆ ಚಾರ್ಜು.

ವೈಜಾಗಿನಲ್ಲಿ ಉಳಿದ ಪಾಯಿಂಟುಗಳು ಓಡೋಡಿ ಮುಗಿದವು. ಕೈಲಾಸಗಿರಿಗೆ ರೋಪ್‌ವೇ ಇದೆ. ಪುಣ್ಯ ಮಾಡದವರೂ ಹೋಗಬಹುದು. ಸಿಂಹಾಚಲದ ನರಸಿಂಹಸ್ವಾಮಿ ಮಾತ್ರ ಜಾಣ. ವರ್ಷವೆಲ್ಲ ಮೈತುಂಬ ಗಂಧ ಮೆತ್ತಿಕೊಂಡು ಇರುತ್ತಾನೆ, ನಿಜರೂಪ ಅಕ್ಷಯ ತೃತೀಯದ ದಿನ ಮಾತ್ರ. ಯಾವ ಗಾಡಿಯವನ ಪಟ್ಟಿಗೂ ಬಗ್ಗಿಲ್ಲ.

ಭೀಮಿಲಿ ರಸ್ತೆಯಲ್ಲಿ ತೊಟ್ಲಕೊಂಡ ಎಂಬ ಬೋರ್ಡು ಕಂಡಿತು. ಗುಡ್ಡದ ಮೇಲೆ ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ವಿಹಾರ, ಕೆಳಗೆ ಸಮುದ್ರ. "ಅಲ್ಲಿಗೆ ಹೋಗೋಣ" ಅಂದೆ. ಗಾಡಿಯವನು ಹಾರ್ನ್ ಹೊಡೆದು ಮುಂದಕ್ಕೆ ಓಡಿಸಿದ. "ಅಕ್ಕಡ ಏಮೀ ಲೇದು ಸಾರ್, ಬರೀ ಕಲ್ಲು." ಅಲ್ಲಿ ಏನೂ ಇಲ್ಲವಂತೆ. ನಾನು ಮನಸ್ಸಿನಲ್ಲೇ ಬೈದುಕೊಂಡೆ. ಇತಿಹಾಸದ ಬೆಲೆ ಗೊತ್ತಿಲ್ಲದ ಊರು, ಅಂತ.

ಊರಿಗೆ ಬಂದು ವಾರವಾಗಿರಲಿಲ್ಲ. ಕೊಪ್ಪಳ ಸ್ಟೇಷನ್ ಹತ್ತಿರ ಚಹಾ ಕುಡಿಯುತ್ತಿದ್ದೆ. ವಯಸ್ಸಾದ ತೆಲುಗು ದಂಪತಿ ಬ್ಯಾಗ್ ಹಿಡಿದು ಬಂದರು. ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರು. ಹುಲಿಗೆಮ್ಮ, ಅಂಜನಾದ್ರಿ, ಡ್ಯಾಮು ಎಂದು ಬೆರಳು ಮಡಚಿ ಹೇಳಿದೆ. ಯಜಮಾನರು ಚೀಟಿ ತೆಗೆದು ಓದಿದರು: "ಪಾಲ್ಕಿಗುಂಡು? ಗವಿಮಠದ ಗುಡ್ಡ? ಅಶೋಕನ ಶಾಸನ ಇದೆಯಂತಲ್ಲ, ಎರಡೂ ಕಡೆ?"

ಗವಿಮಠದ ಜಾತ್ರೆಗೆ ನಾನು ಪ್ರತಿ ವರ್ಷ ಹೋಗುತ್ತೇನೆ. ತೇರು ನೋಡಿದ್ದೇನೆ, ಜಿಲೇಬಿ ತಿಂದಿದ್ದೇನೆ. ಶಾಸನದ ಕಡೆ ಮಾತ್ರ ಒಮ್ಮೆಯೂ ಹತ್ತಿಲ್ಲ.

"ಅಕ್ಕಡ ಏಮೀ ಲೇದು ಸಾರ್," ಅಂದೆ. "ಬರೀ ಕಲ್ಲು."