ಕಿಟಕಿಯಿಂದ ಬಂದ ಬ್ಯಾಗು

ರಾಯಚೂರಿನ ನಿಲ್ದಾಣಕ್ಕೆ ಸಿಂಧನೂರಿನ ಬಸ್ಸು ಬಂದು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲೇ ಕಿಟಕಿಯೊಳಗೆ ಟವೆಲ್ಲು, ಕರ್ಚೀಫು, ನೀರಿನ ಬಾಟಲಿ ಬಿದ್ದಾಗಿರುತ್ತವೆ. ಟವೆಲ್ ಇಟ್ಟುಕೊಳ್ಳುವ ರೂಢಿ ತಪ್ಪಿದ ಹುಡುಗರು ಈಗ ಬೆನ್ನಿನ ಬ್ಯಾಗನ್ನೇ ತೂರುತ್ತಾರೆ. ಒಳಗಿರುವುದು ಲ್ಯಾಪ್‌ಟಾಪ್. ಮೂಲೆ ಹೋಗಿ ಸೀಟಿನ ಕಬ್ಬಿಣದ ಹಿಡಿಗೆ ಬಡಿದರೆ ಮುಚ್ಚಳದ ಕೀಲು ಸಡಿಲ. ಬಡಿಯದೆ ಉಳಿದರೂ, "ಯಪ್ಪಾ, ನಿನ್ನ ಚೀಲದ ಮ್ಯಾಲೇ ಕುಂತೀನಿ ನೋಡು, ತಗೋ" ಎಂದು ಅಜ್ಜಿಯೊಬ್ಬಳು ಅದನ್ನು ಎಳೆದು ಕೊಟ್ಟರೆ ಪರದೆಯ ಕಥೆ ಮುಗಿದಂತೆ.

ಲ್ಯಾಪ್ ಎಂದರೆ ತೊಡೆ. ಹೆಸರಿಟ್ಟವರು ನಮ್ಮ ಬಸ್ಸು ಹತ್ತಿರಲಾರರು. ಆದರೂ ಇಲ್ಲಿ ಅದಕ್ಕೆ ತೊಡೆ ಬಿಟ್ಟರೆ ಜಾಗವಿಲ್ಲ. ಮೇಲಿನ ರ್‍ಯಾಕು ಬಿಸಿಲಿಗೆ ಕಾದ ಟಾಪಿನ ಪಕ್ಕದಲ್ಲೇ ಇದೆ, ಬ್ರೇಕು ಬಿದ್ದರೆ ಬ್ಯಾಗೂ ಬೀಳುತ್ತದೆ. ಡ್ರೈವರ್ ಪಕ್ಕದ ಬಾನೆಟ್ಟು ಚಪ್ಪಟೆಯಾಗಿದೆ, ಕಣ್ಣಿಗೆ ಮೇಜಿನಂತೆ ಕಾಣುತ್ತದೆ, ಕೆಳಗಿರುವುದು ಎಂಜಿನ್. ಕಾಲ ಬುಡದಲ್ಲಿ ಯಾರದೋ ಬಾಟಲಿಯ ನೀರು ಹರಿದು ಬರುತ್ತದೆ.

ಲ್ಯಾಪ್‌ಟಾಪನ್ನು ಅದರದೇ ಚಾರ್ಜರು ಕೆಡಿಸುವುದೂ ಉಂಟು. ಇಟ್ಟಿಗೆಯಂಥ ಆ ಅಡಾಪ್ಟರನ್ನು ಬ್ಯಾಗಿನ ಮುಂದಿನ ಖಾನೆಗೆ ತುರುಕುತ್ತೇವೆ, ಲ್ಯಾಪ್‌ಟಾಪಿನ ಮುಚ್ಚಳವೂ ಅದೇ ಕಡೆಗೆ ಮುಖ ಮಾಡಿರುತ್ತದೆ. ನಿಂತ ಜನ ಒತ್ತಿದಾಗ ಇಡೀ ಭಾರ ಒಂದೇ ಬಿಂದುವಿಗೆ ಬೀಳುತ್ತದೆ. ಹೊರಗೆ ಗೆರೆಯೂ ಇರುವುದಿಲ್ಲ; ತೆರೆದರೆ ಪರದೆಯಲ್ಲಿ ಮಸಿ ಚೆಲ್ಲಿದಂತೆ ಕಪ್ಪು. ಮುಚ್ಚಳವನ್ನು ಬೆನ್ನಿನ ಕಡೆ ತಿರುಗಿಸಿ, ಚಾರ್ಜರನ್ನು ಬೇರೆ ಚೀಲಕ್ಕೋ ತಳದ ಮೂಲೆಗೋ ಹಾಕಿದರೆ ಸಾಕು. ಮುಚ್ಚುವ ಮುನ್ನ ಕೀಲಿಗಳ ಮೇಲೆ ಒಮ್ಮೆ ಕೈಯಾಡಿಸಬೇಕು: ಮರೆತ ಒಂದು ಇಯರ್‌ಫೋನ್ ಗುಂಡಿ ಪರದೆ ಸೀಳಲು ಬೇಕಾದಷ್ಟಾಯಿತು. ಪೆನ್‌ಡ್ರೈವ್ ಚುಚ್ಚಿಟ್ಟೇ ಒಯ್ಯುವವರು ಯುಎಸ್‌ಬಿ ಕಿಂಡಿಯನ್ನೂ ಮುರಿದುಕೊಳ್ಳುತ್ತಾರೆ.

ಮುಚ್ಚಿದ ಕೂಡಲೇ ಅದು ಮಲಗಿತು ಎಂಬುದು ಇನ್ನೊಂದು ಭ್ರಮೆ. ಸ್ಲೀಪ್‌ನಲ್ಲಿಟ್ಟ ವಿಂಡೋಸ್ ಯಂತ್ರ ಬ್ಯಾಗಿನೊಳಗೇ ಎದ್ದು ಅಪ್‌ಡೇಟ್‌ಗೆ ಕೂರಬಹುದು. ಫ್ಯಾನಿಗೆ ಗಾಳಿಯಿಲ್ಲ; ಊರು ಮುಟ್ಟುವ ಹೊತ್ತಿಗೆ ಬ್ಯಾಗು ಬಿಸಿ, ಬ್ಯಾಟರಿ ಖಾಲಿ. ಶಟ್‌ಡೌನ್ ಕೊಟ್ಟು, ದೀಪ ಆರಿ, ಫ್ಯಾನು ಸುಮ್ಮನಾದ ಮೇಲೆಯೇ ಜಿಪ್ಪು ಎಳೆಯಬೇಕು. ಹಳೆಯ ಹಾರ್ಡ್‌ಡಿಸ್ಕ್ ಇದ್ದರಂತೂ ಇದು ಕಡ್ಡಾಯ. ಯಂತ್ರ ಎಚ್ಚರವಿದ್ದರೆ ಅದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ, ಓದುವ ಹೆಡ್ಡು ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ತಗ್ಗು ಸಾಕು. ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಈ ಭಯವಿಲ್ಲ.

ಬಿಸಿಲಿನದು ಬೇರೆಯೇ ಲೆಕ್ಕ. ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ ಹಾಕಿದ ಗಡಿ, ನಡೆಯುವಾಗ 35 ಡಿಗ್ರಿ, ಬಂದ್ ಮಾಡಿ ಇಟ್ಟಾಗ 45. ಮೇ ತಿಂಗಳ ರಾಯಚೂರಿನಲ್ಲಿ ನೆರಳೇ 42ರ ಆಸುಪಾಸು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಂಟೆಯೊಳಗೆ ಇನ್ನೂ 20 ಡಿಗ್ರಿ ಸೇರುತ್ತದೆ. "ಐದು ನಿಮಿಷದಾಗ ಬರ್ತೀನಿ" ಎಂದು ಮದುವೆ ಮನೆಗೆ ಹೋದವರು ಐದು ನಿಮಿಷದಲ್ಲಿ ಬಂದದ್ದುಂಟೇ? ಕಾದ ಲಿಥಿಯಂ ಬ್ಯಾಟರಿಯೊಳಗೆ ಅನಿಲ ಹುಟ್ಟಿ ಅದು ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದು ಬರುವುದು, ಮುಚ್ಚಳ ಸರಿಯಾಗಿ ಕೂರದಿರುವುದು ಅದರ ಗುರುತು. ಆಮೇಲೆ ಚಾರ್ಜು ಬೇಡ, ಒತ್ತುವುದೂ ಬೇಡ. ನೇರ ರಿಪೇರಿಯವರ ಹತ್ತಿರ.

ಸಂಡೂರು, ತೋರಣಗಲ್ಲು ಕಡೆ ಬೈಕಿನಲ್ಲಿ ಓಡಾಡುವವರ ಬ್ಯಾಗಿಗೆ ಅದಿರಿನ ಕೆಂಧೂಳು ತಪ್ಪದು. ಫ್ಯಾನಿನ ಜಾಲರಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿದರಾಯಿತು. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವ ಜಾಣರೂ ಇದ್ದಾರೆ. ಆ ಕಂಪ್ರೆಸರಿನ ಗಾಳಿಯ ಜೊತೆ ನೀರಿನ ಹನಿಯೂ ಎಣ್ಣೆಯೂ ಒಳಗೆ ಹೋಗುತ್ತವೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವವರು ಬ್ಯಾಗನ್ನು ತಲೆದಿಂಬಿನ ಕಡೆ ಇಟ್ಟು ಪಟ್ಟಿಗೆ ತೋಳು ತೂರಿಸಿಕೊಳ್ಳಲಿ. ಗುಂತಕಲ್ಲಿನಲ್ಲಿ ಚಹಾಕ್ಕೆ ಇಳಿದರೆ ಬ್ಯಾಗೂ ಇಳಿಯಬೇಕು. ಬ್ಯಾಗು ಕಳುವಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ. ದೂರು ಬರೆಯುವಾಗ ಅಡಿಭಾಗದ ಸೀರಿಯಲ್ ನಂಬರ್ ಕೇಳುತ್ತಾರೆ. ಅದು ಕಳೆದ ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿರುತ್ತದೆ. ಹೊರಡುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಬಿಸಿಲಲ್ಲಿ ಮನೆ ಮುಟ್ಟಿದ ಲ್ಯಾಪ್‌ಟಾಪನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಬ್ಯಾಗಿನಿಂದ ತೆಗೆದು ಅರ್ಧ ಗಂಟೆ ನೆರಳಲ್ಲಿ ಬಿಡಿ. ಅಷ್ಟರಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದಾಗುತ್ತದೆ; ಕೈ ತೊಳೆದೇ ಮುಟ್ಟಿ.