ರೋಬೋಗೆ ಮುಖಕ್ಕಿಂತ ಮೊದಲು ಮೈ ಕೊಡಿ

ನಾನಿರುವುದು ಜಪಾನಿನ ತ್ಸುಕುಬಾದಲ್ಲಿ. ಬೆಂಗಳೂರಿಗೆ ಬಂದಾಗ ಹೋಟೆಲ್‌ಗಳಲ್ಲಿ, ಮಾಲ್‌ಗಳಲ್ಲಿ ರೋಬೋಗಳನ್ನು ನೋಡುತ್ತೇನೆ. ಒಂದು ಸ್ಕ್ರೀನ್, ಅದರಲ್ಲಿ ಎರಡು ನಗುವ ಕಣ್ಣು, ಇಂಗ್ಲಿಷಿನಲ್ಲೊಂದು ಸ್ವಾಗತ. ಮುಟ್ಟಿದರೆ ಬರೀ ಪ್ಲಾಸ್ಟಿಕ್. ಜಪಾನಿನಲ್ಲಿ ಕೆಲವರು ಮೈಯಿಂದ ಶುರು ಮಾಡುತ್ತಾರೆ. ಅದೇ ಸರಿಯಾದ ದಾರಿ ಅಂತ ನನ್ನ ನಂಬಿಕೆ.

ಪಾರೋ ನೋಡಿ. ನಾನಿರುವ ತ್ಸುಕುಬಾದ ಎಐಎಸ್‌ಟಿ ಸಂಶೋಧನಾ ಸಂಸ್ಥೆಯ ತಕನೋರಿ ಶಿಬಾತಾ 1993ರಲ್ಲಿ ಕೆಲಸ ಶುರು ಮಾಡಿ ರೂಪಿಸಿದ ರೋಬೋ, ಸೀಲ್ ಅನ್ನುವ ಕಡಲ ಪ್ರಾಣಿಯ ಮರಿಯ ಹಾಗಿದೆ. 2009ರಲ್ಲಿ ಅಮೆರಿಕ ಇದನ್ನು ವೈದ್ಯಕೀಯ ಸಾಧನ ಅಂತ ಒಪ್ಪಿತು. ಇದಕ್ಕೆ ಮಾತು ಬರಲ್ಲ, ಮರಿಯ ಕೂಗಷ್ಟೇ. ತೂಕ ಸುಮಾರು 2.7 ಕೆಜಿ, ತೊಡೆಯ ಮೇಲಿಟ್ಟುಕೊಂಡರೆ ಹಸುಗೂಸಿನ ಭಾರ. ತುಪ್ಪಳದ ಕೆಳಗೆ ಸ್ಪರ್ಶ ತಿಳಿಯುವ ಸೆನ್ಸರ್‌ಗಳಿವೆ. ಏನು ಮಾಡಿದಾಗ ಸವರಿದರು ಅನ್ನುವುದನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಮಾಡಲು ನೋಡುತ್ತದೆ, ಹೊಡೆದರೆ ಆ ಕೆಲಸ ಬಿಡುತ್ತದೆ. ಚಾರ್ಜರ್ ಕೂಡ ಮಕ್ಕಳ ನಿಪ್ಪಲ್ ಥರ, ಬಾಯಿಗೇ ಇಡಬೇಕು. ಸೀಲೇ ಯಾಕೆ ಅಂದರೆ, ಬೆಕ್ಕು ಮಾಡಿದರೆ ಜನ ಮನೆಯ ಬೆಕ್ಕಿಗೆ ಹೋಲಿಸಿ ಕೊರತೆ ಹುಡುಕುತ್ತಾರೆ, ಸೀಲ್ ಮರಿಯನ್ನು ಎತ್ತಿ ಆಡಿಸಿದವರು ಯಾರಿದ್ದಾರೆ?

2018ರಲ್ಲಿ ಘೋಷಿಸಿದ ಜಪಾನಿನ ಇನ್ನೊಂದು ರೋಬೋ ಲೋವೋಟ್‌ಗೆ ಮೈ ಬೆಚ್ಚಗಿರುತ್ತದೆ. ಎತ್ತಿಕೋ ಅಂತ ಕೈ ಎತ್ತುತ್ತದೆ, ಎತ್ತಿಕೊಂಡರೆ ಚಕ್ರಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಕೂಬೋ ಅನ್ನುವ ಮತ್ತೊಂದು ರೋಬೋಗಂತೂ ತಲೆಯೇ ಇಲ್ಲ, ಬಾಲ ಇರುವ ಒಂದು ದಿಂಬು ಅಷ್ಟೇ. ನಿಧಾನಕ್ಕೆ ಸವರಿದರೆ ಬಾಲ ಮೆಲ್ಲಗೆ ಆಡುತ್ತದೆ, ಜೋರಾಗಿ ಉಜ್ಜಿದರೆ ಬೀಸುತ್ತದೆ. ಅಷ್ಟರಲ್ಲೇ ನಮ್ಮ ಕೈ ತಾನಾಗಿ ಹದಕ್ಕೆ ಬರುತ್ತದೆ, ಅಲ್ವಾ? ನನಗೆ ಮುಖ್ಯ ಅನಿಸುವುದು ಇದೇ.

ಯಂತ್ರಕ್ಕೆ ಏನೂ ಅನಿಸಲ್ಲ, ಇದು ವಯಸ್ಸಾದವರಿಗೆ ಮಾಡುವ ಮೋಸ ಅನ್ನುವವರಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಶೆರ್ರಿ ಟರ್ಕಲ್ ಇಂಥ ಆಕ್ಷೇಪವನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ಅದನ್ನು ತಳ್ಳಿಹಾಕಬಾರದು. ಅಪ್ಪ ಅಮ್ಮನನ್ನು ನೋಡಲು ಹೋಗದೆ ಸುಮ್ನೆ ಒಂದು ರೋಬೋ ಕಳಿಸಿಬಿಟ್ಟರೆ ಅದು ಮೋಸವೇ. ಆದರೆ ಪಕ್ಕದಲ್ಲಿ ಆರೈಕೆಯವರೋ ಮೊಮ್ಮಗಳೋ ಕೂತಿದ್ದು, ನಡುವೆ ಈ ಮರಿ ಇದ್ದರೆ ಮಾತಿಗೆ ಒಂದು ನೆಪ ಸಿಗುತ್ತದೆ.

ಹಾಗಂತ ಪಾರೋವನ್ನು ಹಾಗೇ ತಂದು ನಮ್ಮ ಮನೆಗಳಲ್ಲಿ ಇಡಿ ಅಂತ ನಾನು ಹೇಳಲ್ಲ. ಜಪಾನಿನಲ್ಲಿ ಜನ ದೂರ ನಿಂತು ತಲೆಬಾಗುತ್ತಾರೆ, ದೊಡ್ಡ ಮಕ್ಕಳು ತಾಯಿಯನ್ನು ತಬ್ಬಿಕೊಳ್ಳುವುದು ನನ್ನ ಕಣ್ಣಿಗೆ ಬಿದ್ದಿದ್ದು ಕಡಿಮೆ. ಆದ್ದರಿಂದ ಇಲ್ಲಿನ ರೋಬೋ ಮೊದಲು 'ಮುಟ್ಟು' ಅಂತ ಕರೆಯಬೇಕು. ನಮ್ಮಜ್ಜಿಯರಿಗೆ ಆ ಕರೆ ಬೇಕಿಲ್ಲ. ಕೆನ್ನೆ ಸವರಿ ನೆಟಿಗೆ ಮುರಿಯುತ್ತಾರೆ, ಬೆನ್ನು ತಟ್ಟುತ್ತಾರೆ, ನೆತ್ತಿಗೆ ಎಣ್ಣೆ ಹಚ್ಚುತ್ತಾರೆ. ಅವರು ನೆಟಿಗೆ ಮುರಿದಾಗ ಆ ರೋಬೋ ಏನು ಮಾಡಬೇಕು? ಇದಕ್ಕೆ ಜಪಾನಿನಲ್ಲಿ ಯಾರೂ ಉತ್ತರ ಹುಡುಕಿಕೊಡಲ್ಲ, ನಾವೇ ಹುಡುಕಬೇಕು. ಎಣ್ಣೆ, ಅರಿಶಿನದ ಕೈಗೆ ಬಿಳಿ ತುಪ್ಪಳ ಒಂದು ವಾರವೂ ತಾಳಲ್ಲ. ಹಳೇ ಸೀರೆಗಳ ಕೌದಿಯಂಥ ಹೊದಿಕೆ ಇರಲಿ, ಬಿಚ್ಚಿ ಒಗೆಯುವ ಹಾಗಿರಲಿ.

ಬೆಂಗಳೂರಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಮೋಟಾರು, ಸ್ಕ್ರೀನ್ ಎಲ್ಲ ಸ್ವಲ್ಪ ಬದಿಗಿಡಲಿ. ಮೂರು ಕೆಜಿಯ ಒಂದು ಕೌದಿಯ ಗಂಟು ಹೊಲಿದು, ಹಿರಿಯರಿರುವ ಕಡೆ ಹೋಗಿ, ಅವರು ಒಪ್ಪಿದರೆ ಅವರ ತೊಡೆಯ ಮೇಲಿಟ್ಟು, ಕೈ ಎಲ್ಲಿಗೆ ಹೋಗುತ್ತದೆ, ಎಷ್ಟು ಒತ್ತುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಬರೆದುಕೊಳ್ಳಲಿ. ಸೆನ್ಸರ್ ಎಲ್ಲಿರಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.